ಕಣಕಾಲಿನ ಮೂಳೆಗೆ ಹನ್ನೆರಡು ಮಾತು

ಜನವರಿ ೯

ಮಗಳಿಗೆ,

ನಾನು ಕೇಳಿದ್ದು ಒಂದು ಪದ. ನೀನು ಕಳಿಸಿದ್ದು ನಾಲ್ಕು ಪುಟ, ಅದೂ ಎರಡೂ ಮಗ್ಗುಲಲ್ಲಿ ಬರೆದು. ಓದಿ ಮುಗಿಸುವಷ್ಟರಲ್ಲಿ ಚಹಾ ಆರಿತು, ತಲೆ ಬಿಸಿಯಾಯಿತು.

ಮತ್ತೊಮ್ಮೆ ಹೇಳುತ್ತೇನೆ, ಈ ಸಲವಾದರೂ ಸಮಾಧಾನವಾಗಿ ಓದು. ನಮ್ಮ ಕಾರ್ಖಾನೆಯಲ್ಲಿ ಮಾಡುವುದು ಕಾಲ್ಚೆಂಡಿನವರು ಮೊಣಕಾಲಿನ ಕೆಳಗೆ, ಕಾಲುಚೀಲದೊಳಗೆ ಕಟ್ಟಿಕೊಳ್ಳುವ ಪ್ಲಾಸ್ಟಿಕ್ ರಕ್ಷೆ. ಅಂಗಡಿಯವರು ಶಿನ್‌ಗಾರ್ಡ್ ಅನ್ನುತ್ತಾರೆ, ನಾವು ಚಿಪ್ಪು ಅನ್ನುತ್ತೇವೆ. ಇಪ್ಪತ್ತಾರು ವರ್ಷದಿಂದ ಅಚ್ಚಿನ ಶೆಡ್ಡಿನಲ್ಲಿ ಮೇಸ್ತ್ರಿಯಾಗಿರುವವನ ಮಗಳಿಗೆ ಇದನ್ನು ಹೇಳಿಕೊಡಬೇಕಾಗಿ ಬಂದದ್ದು ನನ್ನ ಗ್ರಹಚಾರ. ಈಗ ಮಾಲೀಕರಿಗೆ ಹೊರದೇಶದಿಂದ ದೊಡ್ಡ ಆರ್ಡರ್ ಬಂದಿದೆ. ಪ್ರತಿ ಜೋಡಿಯ ಜೊತೆಗೂ ಒಂದು ಚೀಟಿ ಇಡಬೇಕು. ಚೀಟಿಯಲ್ಲಿ ಹನ್ನೆರಡು ಭಾಷೆ, ಹನ್ನೆರಡು ಚೌಕ, ಒಂದೊಂದು ಚೌಕವೂ ಎರಡು ಬೆರಳಗಲ. ಮೊಣಕಾಲಿನ ಕೆಳಗೆ ಮುಂದುಗಡೆ ಇರುವ ಮೂಳೆಗೆ ಆಯಾ ಭಾಷೆಯಲ್ಲಿ ಏನೆನ್ನುತ್ತಾರೋ ಅದು ಮೇಲೆ, ಅದರ ಕೆಳಗೆ ಮೂರು ಸಾಲು. ‘ನಿನ್ನ ಮಗಳು ಅನುವಾದದ ಆಫೀಸಲ್ಲಿ ಅಲ್ವಾ ಇರೋದು, ಅವಳನ್ನೇ ಕೇಳು’ ಎಂದರು ಮಾಲೀಕರು. ನಾನೂ ಎದೆಯುಬ್ಬಿಸಿ ಒಪ್ಪಿಕೊಂಡು ಬಂದೆ. ನನಗೆ ಬುದ್ಧಿ ಇಲ್ಲ.

ಫೋನ್ ಮಾಡೋಣವೆಂದರೆ ನಿನ್ನ ಅಮ್ಮ ಬಿಡುವುದಿಲ್ಲ. ಫೋನಿನಲ್ಲಿ ನಾವಿಬ್ಬರೂ ಮೂರನೇ ನಿಮಿಷಕ್ಕೆ ಜಗಳಕ್ಕೆ ಬೀಳುತ್ತೇವಂತೆ, ಮಧ್ಯೆ ನಿಂತು ಅವಳಿಗೆ ಸಾಕಾಗಿದೆಯಂತೆ. ‘ಬರೆದುಕೊಳ್ಳಿ. ಬರೆಯೋವಾಗ ಕೂಗೋಕೆ ಆಗಲ್ಲ’ ಎಂದಳು. ಆಗುತ್ತದೆ ಎಂದು ನಿನ್ನ ಪತ್ರ ನೋಡಿದ ಮೇಲೆ ಗೊತ್ತಾಯಿತು.

ಯಾವ ದೇಶದವರು ಮೂಳೆಗೆ ಕೊಳಲು ಅಂದರು, ಯಾರು ರೈಲುಹಳಿ ಅಂದರು, ಅದೆಲ್ಲ ಕಟ್ಟಿಕೊಂಡು ನನಗೇನಾಗಬೇಕು? ಚೌಕಕ್ಕೊಂದು ಪದ. ತಿಂಗಳ ಕೊನೆಯೊಳಗೆ.

ಅವಸರದಲ್ಲಿ,
ಅಪ್ಪ

ಜನವರಿ ೨೧

ಅಪ್ಪನಿಗೆ,

ಪದವೆಂದರೆ ಸ್ಕ್ರೂ ಅಲ್ಲ, ಇಂಥ ಅಳತೆಯದು ಹನ್ನೆರಡು ಕೊಡಿ ಎಂದು ಅಂಗಡಿಯಲ್ಲಿ ಕೇಳಿ ತರುವುದಕ್ಕೆ. ದಿನಕ್ಕೆ ಒಂಬತ್ತು ಗಂಟೆ ಇದೇ ಮಾತನ್ನು ಗಿರಾಕಿಗಳಿಗೆ ಹೇಳಿ ಹೇಳಿ ನನ್ನ ಗಂಟಲು ಕಟ್ಟಿದೆ. ಮನೆಯವರಿಗೂ ಹೇಳಬೇಕೆಂದರೆ ಹೇಗೆ?

ಮೊದಲು ನಮ್ಮದನ್ನೇ ನೋಡಿ. ನಾವು ಕಾಲು ಎಂದರೆ ಸೊಂಟದ ಕೆಳಗಿನಿಂದ ಹೆಬ್ಬೆರಳಿನ ತನಕ ಎಲ್ಲವೂ ಕಾಲೇ. ಕಣಕಾಲು ಎಂದರೆ ಒಬ್ಬರು ಒಂದು ಕಡೆ ತೋರಿಸುತ್ತಾರೆ, ಇನ್ನೊಬ್ಬರು ಇನ್ನೊಂದು ಕಡೆ. ನಿಘಂಟಿನಲ್ಲಿ ಜಂಘೆ ಎಂದಿದೆ. ಜಂಘೆ ನೋಯುತ್ತಿದೆ ಎಂದು ಯಾರಾದರೂ ಅತ್ತದ್ದನ್ನು ನೀವು ಕೇಳಿದ್ದೀರಾ? ರಷ್ಯನ್ನರ ‘ಗೋಲೆನ್’ ಮೂಳೆಯಷ್ಟೇ ಅಲ್ಲ, ಮೊಣಕಾಲಿನಿಂದ ಪಾದದ ತನಕ ಇಡೀ ಭಾಗ. ಬೋಳು ಎಂಬ ಮಾತಿಗೆ ನಂಟು. ಅರಬ್ಬಿಯ ‘ಸಾಕ್’ ಕಾಲೂ ಹೌದು, ಗಿಡದ ಕಾಂಡವೂ ಹೌದು. ಮೂಳೆಯೇ ಬೇಕೆಂದರೆ ಕಾಲಿನ ಜೊಂಡು ಎನ್ನಬೇಕು. ಜರ್ಮನರದು ‘ಶೀನ್‌ಬೈನ್’; ಅದರಲ್ಲಿರುವ ‘ಶೀನೆ’ ರೈಲುಹಳಿಗೂ ಆಗುತ್ತದೆ, ಮುರಿದ ಮೂಳೆಗೆ ಕಟ್ಟುವ ದಬ್ಬೆಗೂ ಆಗುತ್ತದೆ. ಸ್ಪ್ಯಾನಿಷ್ ಮಾತಾಡುವವರ ‘ಎಸ್ಪಿನಿಯ’ ಅಂತೂ ಚಿಕ್ಕ ಮುಳ್ಳು. ಅದೇ ಪದ ಮುಖದ ಮೊಡವೆಗೂ ಸಲ್ಲುತ್ತದೆ. ಜಪಾನಿನವರಲ್ಲಿ ಆ ಜಾಗಕ್ಕೆ ಒಂದು ಅಡ್ಡಹೆಸರಿದೆ: ಹೆಸರಾಂತ ಶೂರನೊಬ್ಬ ಅಳುವ ಜಾಗ ಎಂದು. ಅವನಂಥವನಿಗೂ ಅಲ್ಲಿ ತಾಗಿದರೆ ಕಣ್ಣಲ್ಲಿ ನೀರಂತೆ.

ಇನ್ನು ಕೊಳಲು. ನನ್ನ ಎದುರಿನ ಮೇಜಿನಲ್ಲಿ ಕೂರುವ ಹೆಂಗಸಿನ ಮನೆಮಾತು ಟರ್ಕಿಶ್. ಅವರು ‘ಕವಲ್ ಕೆಮಿಯಿ’ ಎಂದರು, ಕುರುಬರ ಕೊಳಲಿನ ಮೂಳೆ. ಹಂಗೇರಿಯವರದು ‘ಶೀಪ್‌ಚೊಂಟ್’, ಪೀಪಿ ಮೂಳೆ. ರೊಮೇನಿಯದವರು ನೇರವಾಗಿ ಕಾಲಿನ ಕೊಳಲು ಅನ್ನುತ್ತಾರೆ. ಡಾಕ್ಟರುಗಳು ಬಳಸುವ ‘ಟಿಬಿಯ’ ಕೂಡ ಹಳೆಯ ಲ್ಯಾಟಿನ್ನಿನಲ್ಲಿ ಮೂಳೆಯೂ ಹೌದು, ಊದುವ ಕೊಳವೆಯೂ ಹೌದು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುವುದಿಲ್ಲ, ಆದರೂ ಎಲ್ಲರೂ ಕಾಲನ್ನು ಮುಟ್ಟಿ ನೋಡಿ ಒಂದೇ ಮಾತು ಹೇಳಿದ್ದಾರೆ.

ನಿಮಗೆ ಇದು ಹರಟೆ. ಆದರೆ ಬರೀ ಒಂದು ಪದವನ್ನು ಚೌಕದಲ್ಲಿ ಕೂರಿಸಿದರೆ ನಿಮ್ಮ ಚಿಪ್ಪು ಮೊಡವೆಯ ಔಷಧವಾಗುತ್ತದೆ. ಅದಕ್ಕೇ ಆ ಮೂರು ಸಾಲನ್ನೂ ಕಳಿಸಿ. ಅದನ್ನು ನೋಡದೆ ಒಂದಕ್ಷರವನ್ನೂ ಕಳಿಸುವುದಿಲ್ಲ.

ಅಮ್ಮನ ಕಣ್ಣಿನ ಪರೀಕ್ಷೆ ಆಯಿತೇ?

ನಿಮ್ಮ,
ಮಗಳು

ಫೆಬ್ರವರಿ ೪

ಮಗಳಿಗೆ,

ನಿನ್ನ ಪತ್ರವನ್ನು ಊಟದ ಬಿಡುವಿನಲ್ಲಿ ಓದುತ್ತಿದ್ದಾಗ ಪ್ಯಾಕಿಂಗಿನ ಹೆಂಗಸರು ಏನದು ಎಂದು ಕೇಳಿದರು. ಹೇಳಿದ್ದೇ ತಪ್ಪಾಯಿತು. ನಮ್ಮ ಮಾತಿನಲ್ಲಿ ಆ ಮೂಳೆಗೆ ಏನೆನ್ನುತ್ತಾರೆ ಎಂದು ಇಡೀ ಶೆಡ್ಡು ಚರ್ಚೆಗೆ ಇಳಿಯಿತು. ಮುಂಗಾಲು ಎಂದಳೊಬ್ಬಳು. ಅದು ದನಕ್ಕೆ, ಮನುಷ್ಯರಿಗಲ್ಲ ಎಂದಳು ಇನ್ನೊಬ್ಬಳು. ಗೇಟಿನವನು ಕಣಕಾಲು ಎಂದು ಹೇಳಿ ಹಿಮ್ಮಡಿಯ ಮೇಲಿನ ಗಂಟನ್ನು ತೋರಿಸಿದ. ಲಾರಿ ಡ್ರೈವರು ನಲ್ಲಿ ಮೂಳೆ ಎಂದ. ಮಾಂಸದ ಅಂಗಡಿಯಲ್ಲಿ ಹಾಗೆ ಕೇಳಿದರೇ ಕೊಡುತ್ತಾರಂತೆ. ತಿರುಗಿಸಿದರೆ ನೀರು ಬರುತ್ತದೆಯೇ ಎಂದು ಯಾರೋ ಕೇಳಿ ಹತ್ತು ನಿಮಿಷ ನಗು. ಕಡೆಗೆ ಒಬ್ಬೊಬ್ಬರೂ ಬಟ್ಟೆಯನ್ನು ಮೊಣಕಾಲಿಗೆ ಎತ್ತಿ, ಬೆರಳಿಟ್ಟು, ‘ಇದು’ ಎಂದರು. ಎಲ್ಲರ ಕಾಲ ಮೇಲೂ ಒಂದೊಂದು ಕಲೆ. ಮಂಚಕ್ಕೆ ತಾಗಿದ್ದು, ಸೈಕಲ್ಲಿನ ಪೆಡಲ್ ಬಡಿದದ್ದು, ಕತ್ತಲಲ್ಲಿ ಯಾವುದೋ ಮೆಟ್ಟಿಲು. ಸರಿಯಾದ ಹೆಸರೊಂದಿಲ್ಲದ ಜಾಗಕ್ಕೆ ಇಷ್ಟೊಂದು ಪೆಟ್ಟು ಬೀಳುತ್ತದೆಂದು ನನಗೆ ಗೊತ್ತಿರಲಿಲ್ಲ.

ಅಷ್ಟರಲ್ಲಿ ಮಾಲೀಕರು ಬಂದರು. ಇಪ್ಪತ್ತು ಜನ ಕಾಲು ತೋರಿಸಿಕೊಂಡು ನಿಂತಿದ್ದನ್ನು ಕಂಡು ನನ್ನನ್ನು ಒಳಗೆ ಕರೆದು ಚೆನ್ನಾಗಿ ಉಗಿದರು. ನಿನ್ನಿಂದಾಗಿ.

ಮೂರು ಸಾಲು ಕೇಳಿದೆಯಲ್ಲ, ತಗೋ. ಒಂದು: ‘ಈ ಸಾಧನ ಕಣಕಾಲಿನ ಮೂಳೆಯನ್ನು ಪೂರ್ತಿಯಾಗಿ ಕಾಪಾಡುತ್ತದೆ.’ ಎರಡು: ‘ಆಟದ ನಂತರ ಒದ್ದೆ ಬಟ್ಟೆಯಿಂದ ಒರೆಸಿಡಿ.’ ಮೂರು: ‘ಪಟ್ಟಿಯನ್ನು ಸಡಿಲವಾಗಿ ಕಟ್ಟಿಕೊಂಡು ಆಗುವ ಗಾಯಕ್ಕೆ ತಯಾರಕರು ಹೊಣೆಯಲ್ಲ.’ ಮಾಲೀಕರೇ ಬರೆದದ್ದು. ಇದರಲ್ಲಿ ನಿನಗೆ ಅರ್ಥವಾಗದ್ದು ಏನೂ ಇರಲಾರದು.

ಅಮ್ಮನಿಗೆ ಹೊಸ ಕನ್ನಡಕ ಬಂತು. ಅದನ್ನು ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುತ್ತಾಳೆ.

ಅಪ್ಪ

ಫೆಬ್ರವರಿ ೧೫

ಅಪ್ಪನಿಗೆ,

ಅರ್ಥವಾಗದ್ದು ಏನೂ ಇಲ್ಲ. ಅದೇ ತೊಂದರೆ.

ಎರಡನೇ ಸಾಲನ್ನು ಹನ್ನೆರಡು ಭಾಷೆಯಲ್ಲೂ ಮಾಡಿ ಇದರ ಜೊತೆ ಇಟ್ಟಿದ್ದೇನೆ. ಒರೆಸಿಕೊಳ್ಳಲಿ. ಮೊದಲನೆಯದನ್ನೂ ಮೂರನೆಯದನ್ನೂ ನಾನು ಮಾಡುವುದಿಲ್ಲ. ‘ಪೂರ್ತಿಯಾಗಿ’ ಎಂದರೆ ಎಷ್ಟು? ಎಷ್ಟು ಭಾರ ಬಿದ್ದರೆ ತಡೆಯುತ್ತದೆ? ಯಾರು ಪರೀಕ್ಷೆ ಮಾಡಿದ್ದು, ಯಾವ ದಿನ? ಇದನ್ನು ಬೇರೆ ಯಾವ ಗಿರಾಕಿ ತಂದಿದ್ದರೂ ನಾನು ಕೇಳುತ್ತಿದ್ದೆ. ನಿಮ್ಮನ್ನು ಕೇಳುವುದಕ್ಕೆ ನನಗೆ ಇನ್ನಷ್ಟು ಹಕ್ಕಿದೆ.

ಮೂರನೇ ಸಾಲನ್ನು ನಾನು ಹದಿನೇಳನೇ ವಯಸ್ಸಿನಲ್ಲಿ, ಕಾಲ್ಚೆಂಡಿನ ಪಂದ್ಯದಲ್ಲಿ ಕಾಲು ಮುರಿದು, ಸ್ಟ್ರೆಚರಿನ ಮೇಲೆ ಮಲಗಿಕೊಂಡು ಕೇಳಿದ್ದೇನೆ. ಒಡೆದ ಚಿಪ್ಪನ್ನು ಕೈಯಲ್ಲಿ ಹಿಡಿದು ಡಾಕ್ಟರು ಇದು ಹೇಗಾಯಿತು ಎಂದಾಗ ನೀವು ಹೇಳಿದಿರಿ: ‘ಪಟ್ಟಿ ಸಡಿಲ ಇತ್ತು. ಇವಳು ಸರಿಯಾಗಿ ಕಟ್ಟಿಕೊಂಡಿಲ್ಲ.’ ಮೂಳೆ ಎರಡು ಕಡೆ ಮುರಿದಿತ್ತು. ಐದು ತಿಂಗಳು ಪ್ಲಾಸ್ಟರಿನಲ್ಲಿದ್ದೆ, ಮಾಡಲು ಬೇರೇನೂ ಕೆಲಸವಿಲ್ಲದೆ ಪಕ್ಕದ ಮನೆಯವರ ಕಪಾಟಿನಲ್ಲಿದ್ದ ಜರ್ಮನ್ ಪುಸ್ತಕ ಹಿಡಿದೆ. ಹಾಗೆ ನೋಡಿದರೆ ನನಗೆ ಅನ್ನ ಕೊಟ್ಟದ್ದು ಆ ಸಡಿಲ ಪಟ್ಟಿಯೇ. ಆಟ ಮತ್ತೆ ಬರಲಿಲ್ಲ, ಅದು ಬೇರೆ ಮಾತು.

ಬಿಗಿಯಾಗಿಯೇ ಕಟ್ಟಿದ್ದೆ ಎಂದು ಆ ದಿನ ನನಗೆ ಗೊತ್ತಿತ್ತು. ವರ್ಷ ಕಳೆದಂತೆ ಗೊತ್ತಿಲ್ಲದಂತಾಯಿತು. ಈಗಲೂ ಚಪ್ಪಲಿಯ ಪಟ್ಟಿಯನ್ನು ಎರಡೆರಡು ಸಲ ನೋಡಿಕೊಳ್ಳುತ್ತೇನೆ.

ಆ ಸಾಲನ್ನು ನನ್ನ ಕೈಲಿ ಬರೆಸಬೇಡಿ.

ಮಗಳು

ಫೆಬ್ರವರಿ ೨೪

ಮಗಳಿಗೆ,

ನಾನು ಪದ ಕೇಳಿದ್ದೆ, ಅಭಿಪ್ರಾಯ ಕೇಳಿರಲಿಲ್ಲ. ಹಳೆಯದನ್ನು ಕೆದಕುವುದಕ್ಕೆ ನಿನಗೆ ಬಿಡುವಿರಬಹುದು, ನನಗಿಲ್ಲ. ಬೇರೆಯವರ ಕೈಲಿ ಮಾಡಿಸುತ್ತಾರೆ. ಇನ್ನು ನೀನು ತಲೆ ಕೆಡಿಸಿಕೊಳ್ಳಬೇಡ.

ಅಪ್ಪ

ಏಪ್ರಿಲ್ ೨

ಕಂದಾ,

ನಾನು ಪತ್ರ ಬರೆದು ಎಷ್ಟು ವರ್ಷವಾಯಿತೋ, ಅಕ್ಷರ ಸೊಟ್ಟಗಿದ್ದರೆ ನಗಬೇಡ. ನೀವಿಬ್ಬರೂ ಮಾತು ಬಿಟ್ಟು ಐದು ವಾರವಾಯಿತು. ಫೋನಿನಲ್ಲಿ ಜಗಳವಾಡುತ್ತೀರಿ ಎಂದು ಬರೆಯಲು ಹಚ್ಚಿದೆ, ಬರೆದೇ ಮಾತು ಬಿಟ್ಟಿರಿ. ನಿಮ್ಮಿಬ್ಬರ ಮಧ್ಯೆ ನಾನು ಅಡಕತ್ತರಿಯಲ್ಲಿ ಸಿಕ್ಕಿಕೊಂಡ ಹಾಗಾಗಿದೆ. ಅಪ್ಪನೂ ಮಗಳೂ ಒಂದೇ ಅಚ್ಚು. ಅಚ್ಚು ಮಾಡುವವರ ಮನೆಯಲ್ಲಿ ಅದೂ ಸರಿಯೇ.

ಇಲ್ಲಿ ನಡೆದದ್ದು ಕೇಳು. ಚೀಟಿಯನ್ನು ಮಾಲೀಕರು ಯಾರೋ ಅಗ್ಗದವರ ಕೈಲಿ ಮಾಡಿಸಿ, ಎಂಟು ಸಾವಿರ ಅಚ್ಚು ಹಾಕಿಸಿ, ನಮೂನೆಯ ಜೊತೆ ಕಳಿಸಿದರು. ಅದರಲ್ಲಿ ಸ್ಪ್ಯಾನಿಷ್ ಚೌಕದಲ್ಲಿ ‘ಮೊಡವೆಗಳಿಂದ ಪೂರ್ತಿ ರಕ್ಷಣೆ’ ಎಂದು ಇತ್ತಂತೆ. ಕೊಳ್ಳುವವರು ಮೊದಲು ನಕ್ಕು ಬರೆದರು. ಆಮೇಲೆ, ಚೀಟಿಯೇ ಹೀಗಿದ್ದರೆ ಮಾಲು ಹೇಗಿದೆಯೋ ನಾವೇ ಬಂದು ನೋಡುತ್ತೇವೆ ಎಂದು ಬರೆದರು. ಮಾಲೀಕರು ಎಲ್ಲರೆದುರು ನಿಮ್ಮಪ್ಪನ ಮೇಲೆ ಕೂಗಾಡಿದರಂತೆ. ಪ್ಯಾಕಿಂಗಿನವಳು ಬಂದು ಹೇಳಿದ್ದಕ್ಕೆ ನನಗೆ ಗೊತ್ತಾಯಿತು. ಇವರು ಬಾಯಿ ಬಿಡಲಿಲ್ಲ.

ಬಾಯಿ ಬಿಡುವುದಿಲ್ಲ ಎಂಬುದೇ ನನ್ನ ದೂರು. ಮೊನ್ನೆ ಬೀರುವಿನ ಮೇಲೆ ಧೂಳು ಹೊಡೆಯುವಾಗ ಒಂದು ಡಬ್ಬಿ ಸಿಕ್ಕಿತು. ಒಳಗೆ ನಿನ್ನ ಆ ಒಡೆದ ಚಿಪ್ಪು, ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದಾರೆ. ಹನ್ನೊಂದು ವರ್ಷ. ಏನಿದು ಎಂದೆ. ಡಬ್ಬಿಯನ್ನು ಕಿತ್ತುಕೊಂಡು ಮತ್ತೆ ಮೇಲಿಟ್ಟರು. ನಿನ್ನನ್ನು ಕಡ್ಡಿ, ಕಡ್ಡಿ ಎಂದು ಕರೆಯುತ್ತಿದ್ದವರು ನಿನ್ನ ಕಾಲು ಮುರಿದ ದಿನದಿಂದ ಆ ಹೆಸರು ಎತ್ತಿಲ್ಲ, ಗಮನಿಸಿದ್ದೀಯಾ? ನಿನಗೆ ಹೇಳಬೇಕಾದದ್ದು ಏನೋ ಅವರಲ್ಲಿದೆ. ಏನು ಅಂತ ನಾನು ಕೇಳಿಲ್ಲ. ಕೇಳುವುದಕ್ಕೆ ನನಗೆ ಮುಖವಿಲ್ಲ.

ಯಾಕೆ ಅಂದರೆ, ಆ ಪಟ್ಟಿ ಹೊಲಿದವಳು ನಾನು. ಆ ವರ್ಷ ಎಲ್ಲ ಪಟ್ಟಿಯೂ ನಮ್ಮ ಮನೆಗೇ ಹೊಲಿಗೆಗೆ ಬರುತ್ತಿತ್ತು. ನೀನು ಸಡಿಲ ಕಟ್ಟಿರಲಾರೆ ಎಂದು ನನಗೆ ಗೊತ್ತು, ನೀನು ಜಡೆಯನ್ನೇ ಹಗ್ಗದ ಹಾಗೆ ಬಿಗಿಯುತ್ತಿದ್ದವಳು. ಅಂದಮೇಲೆ ನನ್ನ ಹೊಲಿಗೆಯೇ ಬಿಟ್ಟಿರಬೇಕು. ಇಷ್ಟು ವರ್ಷ ಹೇಳಬೇಕೆಂದಿದ್ದೆ, ಹೇಳಲಿಲ್ಲ. ಅಂದಿನಿಂದ ಬೇರೆಯವರು ಎರಡು ಹೊಲಿಗೆ ಹಾಕುವ ಕಡೆ ನಾನು ನಾಲ್ಕು ಹಾಕುತ್ತೇನೆ. ಸೂಜಿ ಮುರಿಯುತ್ತದೆ, ಹಾಕುತ್ತೇನೆ.

ಸಾಕು. ನೀನೇ ಮೊದಲು ಬರೆ. ಅವರು ಬರೆಯುವುದಿಲ್ಲ.

ನಿನ್ನ,
ಅಮ್ಮ

ಏಪ್ರಿಲ್ ೧೧

ಅಪ್ಪನಿಗೆ,

ಅಮ್ಮ ಬರೆದಿದ್ದಾಳೆ. ಮೊಡವೆಯ ವಿಷಯಕ್ಕೆ ನಾನು ನಗಲಿಲ್ಲ, ನಿಜವಾಗಿ. ಸ್ವಲ್ಪ ನಕ್ಕೆ.

ಪದಗಳನ್ನು ಕಳಿಸುತ್ತಿದ್ದೇನೆ, ಹನ್ನೆರಡೂ. ಟರ್ಕಿಶ್ ಹೆಂಗಸು, ಅವರ ಗೆಳತಿ, ಆ ಗೆಳತಿಯ ಡಾಕ್ಟರು, ಇಷ್ಟು ಜನ ನೋಡಿ ಒಪ್ಪಿದ್ದಾರೆ. ನಮ್ಮ ಚೌಕಕ್ಕೆ ‘ಕಣಕಾಲಿನ ಮುಂದಿನ ಮೂಳೆ’ ಎಂದು ಹಾಕಿ. ಉದ್ದವಾಯಿತು ಎಂದು ಗೊಣಗಬೇಡಿ, ಅಕ್ಷರ ಚಿಕ್ಕದು ಮಾಡಿ.

ಇದಕ್ಕೆ ಬದಲಾಗಿ ಒಂದೇ ಪ್ರಶ್ನೆ, ಎರಡು ಬೆರಳಗಲದ ಚೌಕದಲ್ಲಿ ಹಿಡಿಯುವಂಥದು. ಒಡೆದ ಚಿಪ್ಪನ್ನು ಯಾಕೆ ಇಟ್ಟುಕೊಂಡಿದ್ದೀರಿ? ಪಟ್ಟಿಯ ತಪ್ಪಾದರೆ ಪಟ್ಟಿಯನ್ನು ಇಟ್ಟುಕೊಳ್ಳಬೇಕಿತ್ತು.

ಅಮ್ಮ ತನ್ನ ಹೊಲಿಗೆಯೇ ಬಿಟ್ಟಿತು ಎಂದುಕೊಂಡಿದ್ದಾಳೆ. ಹನ್ನೊಂದು ವರ್ಷದಿಂದ. ನಿಮಗೆ ಗೊತ್ತಿತ್ತೇ?

ಮಗಳು

ಮೇ ೩

ಮಗಳಿಗೆ,

ಇದು ನಾಲ್ಕನೇ ಸಲ ಬರೆಯುತ್ತಿರುವುದು. ಮೊದಲ ಮೂರರಲ್ಲಿ ನಿನ್ನ ಮೇಲೆ ಸಿಟ್ಟು ಮಾಡಿಕೊಂಡಿದ್ದೆ. ಹರಿದು ಹಾಕಿದೆ.

ಅಮ್ಮನ ಹೊಲಿಗೆಯ ವಿಷಯ ನನಗೆ ಗೊತ್ತಿರಲಿಲ್ಲ. ನಾಲ್ಕು ಹೊಲಿಗೆ ಹಾಕುವುದು ಅವಳ ಹಟ ಎಂದುಕೊಂಡಿದ್ದೆ. ಸೂಜಿ ತಂದುಕೊಡುವಾಗೆಲ್ಲ ಬೈಯುತ್ತಿದ್ದೆ.

ಆ ವರ್ಷ ಪ್ಲಾಸ್ಟಿಕ್ ಹಾಳೆ ತೆಳ್ಳಗೆ ಬಂತು. ಮೂರು ಮಿಲಿಮೀಟರ್ ಇರಬೇಕಾದದ್ದು ಎರಡೂ ಇರಲಿಲ್ಲ. ಅಳತೆಯ ಇಕ್ಕಳ ಹಿಡಿದು ನೋಡಿದವನು ನಾನೇ. ಮಾಲೀಕರಿಗೆ ಹೇಳಿದೆ. ಆಟದ ಕಾಲ ಶುರುವಾಗಿದೆ, ವಾಪಸು ಕಳಿಸಿದರೆ ಅಂಗಡಿಗಳು ಕೈಬಿಡುತ್ತವೆ, ಹಗುರವಾಗಿದ್ದರೆ ಓಡುವುದಕ್ಕೂ ಸುಲಭ ಎಂದರು. ಪರೀಕ್ಷೆಯ ಕಾಗದಕ್ಕೆ ಮೇಸ್ತ್ರಿಯ ರುಜು ಬೇಕು. ಹಾಕಿದೆ. ಆರುನೂರು ಜೋಡಿ.

ಹಾಕಿದ ಮೇಲೂ ಇಕ್ಕಳ ಹಿಡಿದು ಮತ್ತೆರಡು ಸಲ ಅಳೆದೆ. ಆ ಶನಿವಾರ ನಿನಗೆ ಪಂದ್ಯ. ಹೊಸ ಜೋಡಿ ಬೇಕು ಎಂದೆ ನೀನು. ಹಳೆಯ ದಪ್ಪ ಮಾಲು ಇನ್ನೂ ಹತ್ತಿಪ್ಪತ್ತು ಜೋಡಿ ಕಪಾಟಿನಲ್ಲಿತ್ತು. ನಾನು ಅದನ್ನು ತರಲಿಲ್ಲ. ಹೊಸದರಿಂದಲೇ ಆರಿಸಿ ತಂದೆ. ಯಾಕೆ ಎಂದು ಹನ್ನೊಂದು ವರ್ಷದಿಂದ ನನ್ನನ್ನೇ ಕೇಳಿಕೊಂಡಿದ್ದೇನೆ. ನನ್ನ ಮಗಳೇ ಹಾಕಿಕೊಂಡು ಆಡಿದರೆ ಮಾಲು ಸರಿಯಾಗಿಯೇ ಇದೆ ಎಂದಾಗುತ್ತದಲ್ಲ. ನನಗೆ ನಾನೇ ರುಜುವಾತು ಕೊಟ್ಟುಕೊಳ್ಳುವುದಿತ್ತು. ಅದಕ್ಕೆ ನಿನ್ನ ಕಾಲು ಬೇಕಾಯಿತು.

ನಾನು ಬೇಲಿಯ ಹತ್ತಿರ ನಿಂತಿದ್ದೆ. ಮೂಳೆಗೆ ಕೊಳಲು ಎಂದು ಹೆಸರಿಟ್ಟವರು ಅದು ಮುರಿದ ಶಬ್ದ ಕೇಳಿಲ್ಲ. ನಾನು ಕೇಳಿದೆ. ನೀನು ಆ ಕೊಳಲಿನ ಮಾತು ಬರೆದಾಗ ನನಗೆ ಮೈಯೆಲ್ಲ ಉರಿದದ್ದು ಅದಕ್ಕೇ.

ಡಾಕ್ಟರು ಕೇಳಿದಾಗ ನನ್ನ ಬಾಯಿಗೆ ಮೊದಲು ಬಂದದ್ದು ಪಟ್ಟಿ. ಒಂದು ಸಲ ಹೇಳಿದ ಮೇಲೆ ಅದನ್ನೇ ಎಲ್ಲರಿಗೂ ಹೇಳಬೇಕಾಯಿತು. ಮಿಕ್ಕ ಜೋಡಿಗಳು ಅಷ್ಟರಲ್ಲಿ ಅಂಗಡಿಗಳಿಗೆ ಹೋಗಿಯಾಗಿತ್ತು. ಇನ್ನೆಷ್ಟು ಕಾಲು ಎಂದು ನನಗೆ ಗೊತ್ತಿಲ್ಲ. ಹೋಗಿ ಕೇಳುವ ಧೈರ್ಯ ಮಾಡಲಿಲ್ಲ.

ಈಗಿನದನ್ನೂ ಹೇಳುತ್ತೇನೆ. ಈ ಆರ್ಡರಿನ ಹಾಳೆಯೂ ತೆಳ್ಳಗಿದೆ. ರುಜು ಕೇಳಿ ಕಾಗದ ಮೂರು ಸಲ ಬಂತು, ಮೂರು ಸಲವೂ ಹಾಗೇ ವಾಪಸು ಕಳಿಸಿದೆ. ಕೊಳ್ಳುವವರು ಬಂದ ದಿನ, ಮಾಲೀಕರು ಬೇಡವೆಂದರೂ, ಎರಡು ಚಿಪ್ಪನ್ನು ಮೇಜಿನ ಮೇಲಿಟ್ಟು ಅವರೆದುರೇ ಕಬ್ಬಿಣದ ತುಂಡನ್ನು ಬೀಳಿಸಿ ತೋರಿಸಿದೆ. ಎರಡೂ ಒಡೆದವು. ಅವರು ಏನೋ ಮಾತಾಡಿಕೊಂಡರು, ನನಗೆ ತಿಳಿಯುವ ಭಾಷೆಯಲ್ಲ. ಮಾಲು ನಿಂತಿತು. ಮರುದಿನ ನನ್ನನ್ನು ಶೆಡ್ಡಿನಿಂದ ತೆಗೆದು ಗೋದಾಮಿಗೆ ಹಾಕಿದರು, ರಟ್ಟಿನ ಪೆಟ್ಟಿಗೆ ಎಣಿಸುವುದಕ್ಕೆ. ದೊಡ್ಡದೇನೂ ಮಾಡಿಲ್ಲ. ಹನ್ನೊಂದು ವರ್ಷ ತಡವಾಗಿ ಮಾಡಿದೆ.

ಪಟ್ಟಿ ಬಿಗಿಯಾಗಿಯೇ ಇತ್ತು. ನೀನು ಕಟ್ಟಿದ್ದು ಸರಿಯಿತ್ತು. ಆಂಬುಲೆನ್ಸಿನಲ್ಲಿ ಅದನ್ನು ಬಿಚ್ಚಲು ಆಗದೆ ಕತ್ತರಿಯಿಂದ ಕತ್ತರಿಸಿದವನು ನಾನು.

ಅಪ್ಪ

ಮೇ ೧೨

ಅಪ್ಪನಿಗೆ,

ನಿಮ್ಮ ಪತ್ರವನ್ನು ಆಫೀಸಿನಲ್ಲಿ ಒಡೆದೆ. ಎದುರಿನ ಹೆಂಗಸು ನನ್ನ ಮುಖ ನೋಡಿ ನನ್ನ ಮೇಜಿನ ಕಾಗದಗಳನ್ನು ತಮ್ಮ ಮೇಜಿಗೆ ಸಾಗಿಸಿಕೊಂಡರು.

ನನಗೆ ಸಿಟ್ಟು ಬಂದದ್ದು ತೆಳ್ಳಗಿನ ಹಾಳೆಗಲ್ಲ. ಕಪಾಟಿನಲ್ಲಿ ದಪ್ಪನೆಯದು ಇತ್ತು ಎಂದು ಬರೆದಿದ್ದೀರಲ್ಲ, ಆ ಸಾಲನ್ನು ದಾಟಿ ಮುಂದೆ ಹೋಗಲು ನನಗೆ ಆಗುತ್ತಿಲ್ಲ. ನೀವು ಮಾಡಿದ್ದಕ್ಕೆ ನನಗೆ ಗೊತ್ತಿರುವ ಯಾವ ಭಾಷೆಯಲ್ಲೂ ಒಂದು ಪದ ಸಿಗಲಿಲ್ಲ, ಹುಡುಕಿದೆ. ಅದು ನನ್ನ ಕಸುಬು, ಕೈ ತಾನಾಗಿ ಹುಡುಕುತ್ತದೆ.

ಮಾಲು ನಿಲ್ಲಿಸಿದ್ದು ಒಳ್ಳೆಯದಾಯಿತು. ಇಷ್ಟು ಮಾತ್ರ ಹೇಳಬಲ್ಲೆ. ಇನ್ನೂ ಏನಾದರೂ ಹೇಳಲಿ ಎಂದು ಕಾಯಬೇಡಿ.

ಅಮ್ಮನಿಗೆ ಹೇಳಿದಿರಾ? ಹೇಳಿರುವುದಿಲ್ಲ. ಪತ್ರದಲ್ಲಿ ನನಗೆ ಹೇಳುವುದು ಸುಲಭ, ನಾನು ಎದುರಿಗಿಲ್ಲ. ಅವಳು ದಿನವೂ ನಿಮ್ಮ ಕಣ್ಣೆದುರಿಗೆ ನಾಲ್ಕು ಹೊಲಿಗೆ ಹಾಕುತ್ತಿದ್ದಾಳೆ. ನೀವು ಹೇಳುವ ತನಕ ನನಗೆ ಬರೆಯಬೇಡಿ.

ಮಗಳು

ಮೇ ೩೦

ಕಂದಾ,

ಹೇಳಿದರು. ಮಧ್ಯಾಹ್ನ ಸೂಜಿಗೆ ದಾರ ಪೋಣಿಸುತ್ತಿದ್ದೆ, ಬಂದು ಮಗ್ಗುಲಲ್ಲಿ ಕುರ್ಚಿ ಎಳೆದುಕೊಂಡು ಕೂತರು. ಊಟಕ್ಕೆ ಕೇಳುತ್ತಾರೆ ಎಂದುಕೊಂಡೆ. ಮೊದಲಿನಿಂದ ಕೊನೆಯ ತನಕ ಹೇಳಿದರು, ನಾನು ತಲೆ ಎತ್ತಲಿಲ್ಲ. ಮುಗಿದ ಮೇಲೆ ‘ಏನಾದರೂ ಅನ್ನು’ ಎಂದರು. ‘ಏನನ್ನಲಿ?’ ಎಂದೆ. ಆ ಹೊತ್ತಿನಿಂದ ಅವರ ಜೊತೆ ಮಾತಾಡಿಲ್ಲ.

ಅಳು ಬರಲಿಲ್ಲ. ಮೊದಲು ಬಂದದ್ದು ಏನು ಗೊತ್ತಾ, ಸುಮ್ಮನೆ ಬೇಜಾರು. ಹನ್ನೊಂದು ವರ್ಷದ ಎಷ್ಟು ದಾರ, ಎಷ್ಟು ಸೂಜಿ, ಎಷ್ಟು ಕಣ್ಣುನೋವು. ಪಟ್ಟಿ ಕ್ಷೇಮವಾಗಿತ್ತು ಎಂಬ ಒಂದು ಮಾತು ಇವರ ಬಾಯಿಂದ ಬಂದಿದ್ದರೆ ಸಾಕಿತ್ತು. ನಿನ್ನ ಮದುವೆ ಮಾತು ಬಂದಾಗಲೆಲ್ಲ ನೀನು ಕುಂಟುವುದನ್ನು ಯಾರೂ ನೋಡದಿರಲಿ ಎಂದು ನಾನು ಕುರ್ಚಿಯನ್ನು ಬಾಗಿಲಿಗೆ ಹತ್ತಿರ ಹಾಕುತ್ತಿದ್ದೆ. ನನ್ನಿಂದ ಆದದ್ದು ಎಂದುಕೊಂಡು ಹಾಕುತ್ತಿದ್ದೆ. ಅದೆಲ್ಲ ಇವರ ಕಣ್ಣಿಗೆ ಬಿದ್ದಿರಲಿಲ್ಲವೇ?

ಶುಕ್ರವಾರದ ಬಸ್ಸಿಗೆ ಹೊರಟಿದ್ದೇನೆ. ಎಷ್ಟು ದಿನ ಎಂದು ಕೇಳಬೇಡ, ನನಗೇ ಗೊತ್ತಿಲ್ಲ. ನಿನ್ನ ಕೋಣೆ ಚಿಕ್ಕದು ಎಂದು ಗೊತ್ತು. ನಾನೂ ಈಗ ಚಿಕ್ಕವಳೇ.

ಅಮ್ಮ

ಜೂನ್ ೯

ಮಗಳಿಗೆ,

ಅಮ್ಮ ಕ್ಷೇಮವಾಗಿ ತಲುಪಿದಳು ಎಂದು ತಿಳಿಸಲು ನಾಲ್ಕು ಅಕ್ಷರ ಬರೆಯಬಹುದಿತ್ತು. ಹೊರಡುವಾಗ ಅವಳು ಹೇಳಿ ಹೋಗಲಿಲ್ಲ, ಚೀಲ ಎತ್ತಿಕೊಳ್ಳಲು ಹೋದರೆ ಕೈ ತಪ್ಪಿಸಿದಳು. ಬಸ್ಸು ತಿರುಗುವ ತನಕ ನಿಂತಿದ್ದೆ, ನನಗೆ ಕಾಣದ ಆಚೆ ಬದಿಯ ಸೀಟಿನಲ್ಲಿ ಕೂತಿದ್ದಳು.

ಇಲ್ಲಿಯ ಸುದ್ದಿ: ಕೊಳ್ಳುವವರು ಹಾಳೆ ಬದಲಾಯಿಸಿದರೆ ಮಾತ್ರ ಎಂದಿದ್ದರಿಂದ ದಪ್ಪ ಹಾಳೆ ಬಂದಿದೆ. ಚೀಟಿಯನ್ನೂ ಹೊಸದಾಗಿ ಮಾಡಿಸುತ್ತಾರಂತೆ, ನಿಮ್ಮ ಆಫೀಸಿಗೇ ಬರೆಯುತ್ತಾರೆ. ಮೊದಲ ಸಾಲನ್ನು ನನ್ನನ್ನು ಕರೆದು ಕೇಳಿದರು. ‘ಪೆಟ್ಟನ್ನು ತಗ್ಗಿಸುತ್ತದೆ’ ಎಂದಷ್ಟೇ ಹಾಕಿ, ಪೂರ್ತಿಯಾಗಿ ಎಂದು ಬೇಡ ಎಂದೆ. ಮೂರನೇ ಸಾಲನ್ನು ಹೊಡೆದು ಹಾಕಿದೆ. ಮಾಲೀಕರು ಮತ್ತೆ ಬರೆದರು, ಮತ್ತೆ ಹೊಡೆದು ಹಾಕಿದೆ. ಕಡೆಗೆ ಕಾಗದವೇ ಹರಿಯಿತು. ನನ್ನ ಕೆಲಸ ಗೋದಾಮಿನಲ್ಲೇ. ಅಲ್ಲಿ ಕಿಟಕಿ ಇಲ್ಲ, ಉಳಿದಂತೆ ಅಡ್ಡಿಯಿಲ್ಲ.

ಭಾನುವಾರ ನಿನ್ನ ಹಳೆಯ ಮೈದಾನಕ್ಕೆ ಹೋಗಿದ್ದೆ. ಆಗಿನ ಕೋಚ್ ಈಗಲೂ ಇದ್ದಾರೆ. ಅವರಿಗೂ ಹೇಳಿದೆ. ಆ ವರ್ಷ ಇನ್ಯಾರಿಗಾದರೂ ಹೀಗೆ ಆಗಿತ್ತೇ ಎಂದು ಕೇಳಿದೆ. ಇಬ್ಬರ ಹೆಸರು ಕೊಟ್ಟರು. ಒಬ್ಬಳ ವಿಳಾಸ ಸಿಕ್ಕಿದೆ.

ಬರುವ ವಾರ ಹೋಗುತ್ತೇನೆ. ಏನು ಹೇಳಬೇಕೆಂದು ಗೊತ್ತಾಗುತ್ತಿಲ್ಲ.

ಅಪ್ಪ

ಜೂನ್ ೨೦

ಅಪ್ಪನಿಗೆ,

ಅಮ್ಮ ತಲುಪಿದಳು, ಚೆನ್ನಾಗಿದ್ದಾಳೆ. ಬಂದ ಎರಡನೇ ದಿನ ನನ್ನ ಪಾತ್ರೆಗಳ ಜಾಗ ಬದಲಾಯಿಸಿದಳು, ಈಗ ನನಗೆ ನನ್ನ ಮನೆಯಲ್ಲಿ ಚಮಚ ಸಿಗುವುದಿಲ್ಲ. ಆಫೀಸಿಗೆ ಬಂದು ಟರ್ಕಿಶ್ ಹೆಂಗಸಿನ ಜೊತೆ ಒಂದು ತಾಸು ಮಾತಾಡಿದಳು. ಇವಳಿಗೆ ಅವರ ಮಾತು ಬರುವುದಿಲ್ಲ, ಅವರಿಗೆ ಇವಳದು ಬರುವುದಿಲ್ಲ. ನಾನು ಅನುವಾದ ಮಾಡಲು ಹೋದರೆ ಇಬ್ಬರೂ ಸುಮ್ಮನಿರು ಎಂದರು.

ನಿನ್ನೆ ಸಂಜೆ ಕಾಲು ತೋರಿಸು ಎಂದಳು. ಪ್ಲಾಸ್ಟರ್ ಬಿಚ್ಚಿದ ಮೇಲೆ ಅವಳಿಗೆ ತೋರಿಸಿರಲಿಲ್ಲ, ಅವಳೂ ಕೇಳಿರಲಿಲ್ಲ. ಸ್ಟೂಲಿನ ಮೇಲಿಟ್ಟೆ. ಕನ್ನಡಕವನ್ನು ಹಣೆಯಿಂದ ಕೆಳಗಿಳಿಸಿ, ಹೆಬ್ಬೆರಳಿನಿಂದ ಮೊಣಕಾಲಿನ ಕೆಳಗಿನಿಂದ ಮೆಲ್ಲಗೆ ಸವರುತ್ತ ಬಂದಳು. ಕೂಡಿಕೊಂಡ ಜಾಗದಲ್ಲಿ ಉಬ್ಬಿದೆಯಲ್ಲ, ಅಲ್ಲಿ ನಿಲ್ಲಿಸಿದಳು. ‘ನೋವಿದೆಯಾ?’ ಎಂದಳು. ಚಳಿಗೆ ಮಾತ್ರ ಎಂದೆ. ಬಹಳ ಹೊತ್ತು ಅಲ್ಲೇ ಕೈಯಿಟ್ಟುಕೊಂಡು ಕೂತಿದ್ದಳು. ಆಮೇಲೆ ಪಾತ್ರೆ ತೊಳೆಯಲು ಎದ್ದಳು.

ಆ ಹುಡುಗಿಯ ಮನೆಗೆ ಹೋದಾಗ ಪಟ್ಟಿಯ ಮಾತು ಎತ್ತಬೇಡಿ, ಹಾಳೆಯ ಮಾತು ಮೊದಲು ಹೇಳಿ. ಒಂದೇ ಉಸಿರಿಗೆ ಹೇಳಿ ಮುಗಿಸಿ. ಅವಳು ಬೈದರೆ ನಡುವೆ ಬಾಯಿ ಹಾಕಬೇಡಿ. ಅವಳು ಬಾಗಿಲು ಹಾಕಿಕೊಂಡರೆ ಮರಳಿ ಬನ್ನಿ, ಇನ್ನೊಬ್ಬಳ ವಿಳಾಸ ಹುಡುಕಿ. ನೀವು ಇಲ್ಲಿಗೆ ಬರುವುದು ಸದ್ಯಕ್ಕೆ ಬೇಡ. ಬರೆಯುವುದನ್ನು ಬಿಡಬೇಡಿ.

ಅಮ್ಮ ನಿಮ್ಮ ಪತ್ರ ಓದುವುದಿಲ್ಲ ಎಂದಳು. ನಾನು ಗಟ್ಟಿಯಾಗಿ ಓದಿದೆ, ತಡೆಯಲಿಲ್ಲ. ಈಗ ನಾನು ಬರೆಯುತ್ತಿರುವಾಗ ಒಲೆಯ ಹತ್ತಿರದಿಂದಲೇ, ಇತ್ತ ತಿರುಗದೆ, ನಿಮಗೆ ಒಂದು ಮಾತು ಬರೆ ಎಂದಿದ್ದಾಳೆ. ಅವಳು ಹೇಳಿದ ಹಾಗೇ ಬರೆಯುತ್ತೇನೆ: ‘ಹೊಲಿಗೆ ಮೆಷಿನ್ ಮೇಲೆ ಬಟ್ಟೆ ಮುಚ್ಚಿರಲ್ಲ. ಧೂಳು ಕೂರುತ್ತೆ. ಅಷ್ಟೂ ಗೊತ್ತಾಗಲ್ವಾ ಅವರಿಗೆ.’

ಮೂರು ವಾರದಲ್ಲಿ ಅವಳು ನಿಮಗೆಂದು ಆಡಿದ ಮೊದಲ ಮಾತು. ಪತ್ರ ಅಲ್ಲೇ ಇಟ್ಟು, ಮೊದಲು ಹೋಗಿ ಮುಚ್ಚಿ.

ಮಗಳು